ಹಳೆಯ ವರ್ಕ್‌ಸ್ಟೇಷನ್ ಎಬ್ಬಿಸಿ ಮನೆಯಲ್ಲೇ ಲಿನಕ್ಸ್ ಕಲಿಯುವುದು: ಸಮಗ್ರ ಮಾರ್ಗದರ್ಶಿ

ಕಚೇರಿಗಳು ಹೊರಹಾಕುವ ವರ್ಕ್‌ಸ್ಟೇಷನ್‌ಗಳಲ್ಲಿ ಬಹಳಷ್ಟಕ್ಕೆ ಯಾವ ರೋಗವೂ ಇರುವುದಿಲ್ಲ. ಲೆಕ್ಕದ ಪುಸ್ತಕದಲ್ಲಿ ಆಯುಷ್ಯ ಮುಗಿದಿರುತ್ತದೆ, ಅಷ್ಟೇ. ವಾರಂಟಿ ತೀರುತ್ತದೆ, ಹೊಸ ವಿಂಡೋಸ್ ಒಪ್ಪುವುದಿಲ್ಲ, ಯಂತ್ರ ಮೂಲೆ ಸೇರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಆಗಲಿ, ಅದರ ಪಟ್ಟಿಯಲ್ಲಿರುವ ಪ್ರೊಸೆಸರ್ ಆಗಲಿ ಹತ್ತು ವರ್ಷ ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಲಿನಕ್ಸ್‌ಗೆ ಈ ತಕರಾರುಗಳಿಲ್ಲ.

ಕಲಿಯುವುದಕ್ಕೆ ಲ್ಯಾಪ್‌ಟಾಪ್‌ನಲ್ಲೇ ಒಂದು ವರ್ಚುವಲ್ ಯಂತ್ರ, ಅಂದರೆ ಸಾಫ್ಟ್‌ವೇರ್‌ನಿಂದಲೇ ಕಟ್ಟಿದ ಕಂಪ್ಯೂಟರ್, ಸಾಲದೇ ಎಂದು ಕೇಳುವವರಿದ್ದಾರೆ. ಕಮಾಂಡುಗಳು ಕೈಗೆ ರೂಢಿಯಾಗಲು ಸಾಕು. ಆದರೆ ವರ್ಚುವಲ್ ಯಂತ್ರದ ಡಿಸ್ಕ್ ಸಾಯುವುದಿಲ್ಲ, ಅದರ ರ‍್ಯಾಮ್ ಹಾದಿ ತಪ್ಪುವುದಿಲ್ಲ, ಕೇಬಲ್ ಸಡಿಲವಾಗುವುದಿಲ್ಲ. ಲಿನಕ್ಸ್ ಬಲ್ಲವರು ಎಂದು ನಾವು ಯಾರನ್ನು ಕರೆಯುತ್ತೇವೋ ಅವರ ವಿದ್ಯೆಯ ದೊಡ್ಡ ಪಾಲು, ಯಂತ್ರ ಮುಷ್ಕರ ಹೂಡಿದಾಗ ಅದು ಹೇಳುತ್ತಿರುವುದನ್ನು ಓದಿಕೊಳ್ಳುವುದರಲ್ಲಿದೆ. ಹಳೆಯ ಯಂತ್ರ ಆ ಪಾಠವನ್ನು ಮೊದಲ ದಿನವೇ ಶುರುಮಾಡುತ್ತದೆ. ಆದ್ದರಿಂದ ಇಲ್ಲಿ ದುರಸ್ತಿ ಬೇರೆ, ಪಾಠ ಬೇರೆ ಎಂದು ವಿಂಗಡಿಸಿಲ್ಲ.

ಒಂದು ಸೂಚನೆ: ಕಮಾಂಡುಗಳ ಹೆಸರನ್ನು ಬಾಯಲ್ಲಿ ಹೇಳುವಂತೆ ಬರೆದಿದ್ದೇನೆ. ಕಮಾಂಡ್ ಬರೆಯುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಅವೆಲ್ಲ ಸಣ್ಣ ಇಂಗ್ಲಿಷ್ ಅಕ್ಷರಗಳು.

ಯಾವ ಯಂತ್ರ ಆರಿಸಬೇಕು

ಸಾಮಾನ್ಯ ಡೆಸ್ಕ್‌ಟಾಪ್‌ಗಿಂತ ವರ್ಕ್‌ಸ್ಟೇಷನ್ ಏಕೆ ಮೇಲು? ಇದು ವರ್ಷಗಟ್ಟಲೆ ದಿನವಿಡೀ ದುಡಿಯಲೆಂದು ಕಟ್ಟಿದ ಯಂತ್ರ. ತಪ್ಪು ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್, ಸ್ಕ್ರೂಡ್ರೈವರ್ ಇಲ್ಲದೆ ತೆರೆಯುವ ಪೆಟ್ಟಿಗೆ, ಬೇಕಾದಷ್ಟು ಸ್ಲಾಟುಗಳು, ಎಲ್ಲಕ್ಕಿಂತ ಮುಖ್ಯವಾಗಿ ತಯಾರಕರೇ ಬರೆದ ಸರ್ವಿಸ್ ಮ್ಯಾನುಯಲ್ ಇರುತ್ತದೆ. ಯಾವ ಸ್ಕ್ರೂ ಮೊದಲು, ಯಾವ ದೀಪ ಮಿನುಗಿದರೆ ಏನರ್ಥ ಎಂಬುದೆಲ್ಲ ಅದರಲ್ಲಿದೆ. ಯಂತ್ರ ಮನೆಗೆ ಬರುವ ಮೊದಲೇ ಅದನ್ನು ಇಳಿಸಿಕೊಂಡು ಓದಿ.

ಮಾರುಕಟ್ಟೆಯಲ್ಲಿ ಕಾಣುವ ಇಂಟೆಲ್ ಯಂತ್ರಗಳನ್ನು ಮೂರು ಪೀಳಿಗೆಗಳಾಗಿ ನೋಡಬಹುದು. ಎಚ್‌ಪಿ ಝಡ್400, ಡೆಲ್ ಪ್ರಿಸಿಷನ್ ಟಿ3500 ಮೊದಲಾದವು 2009ರ ಸುಮಾರಿನವು. ಇವುಗಳಲ್ಲಿ ರ‍್ಯಾಮ್ ಮೂರು ಚಾನಲ್‌ಗಳದ್ದು, ಡಿಸ್ಕ್ ಜೋಡಿಸುವ ಸಾಟಾದ ವೇಗ ಸೆಕೆಂಡಿಗೆ 3 ಗಿಗಾಬಿಟ್‌ಗೆ ನಿಲ್ಲುತ್ತದೆ. ಪುಕ್ಕಟೆಯಾಗಿ ಬಂದರೆ ಇಟ್ಟುಕೊಳ್ಳಿ, ದುಡ್ಡು ಕೊಡಬೇಡಿ. 2012ರಿಂದ ಬಂದ ಝಡ್420, ಟಿ3600, ಥಿಂಕ್‌ಸ್ಟೇಷನ್ ಎಸ್30 ಎರಡನೆಯ ಪೀಳಿಗೆ: ಝಿಯಾನ್ ಇ5 ಪ್ರೊಸೆಸರ್, ನಾಲ್ಕು ಚಾನಲ್‌ಗಳ ಡಿಡಿಆರ್3. 2014ರಿಂದ ಬಂದ ಝಡ್440, ಟಿ5810, ಥಿಂಕ್‌ಸ್ಟೇಷನ್ ಪಿ500 ಮೂರನೆಯದು: ಇ5 ವಿ3 ಪ್ರೊಸೆಸರ್, ಡಿಡಿಆರ್4. ಬೆಲೆಯಲ್ಲಿ ಅಂತರ ಕಡಿಮೆಯಿದ್ದರೆ ಕಣ್ಣುಮುಚ್ಚಿ ಮೂರನೆಯದನ್ನೇ ಆರಿಸಿ.

ಅದಕ್ಕೆ ವೇಗ ಮಾತ್ರ ಕಾರಣವಲ್ಲ. 64-ಬಿಟ್ ಪ್ರೊಸೆಸರ್‌ಗಳಲ್ಲೂ ಈಗ ದರ್ಜೆಗಳಿವೆ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ಕ್ಕೆ ಎರಡನೆಯ ದರ್ಜೆ ಸಾಕಿತ್ತು. 2025ರಲ್ಲಿ ಬಂದ 10ನೇ ಆವೃತ್ತಿ ಮೂರನೆಯ ದರ್ಜೆ ಬೇಕೆನ್ನುತ್ತದೆ, ಅಂದರೆ ಎವಿಎಕ್ಸ್2 ಸೂಚನೆಗಳುಳ್ಳ ಪ್ರೊಸೆಸರ್. ಝಡ್420ಯ ಪ್ರೊಸೆಸರ್‌ಗಳಲ್ಲಿ ಅದಿಲ್ಲ, ಝಡ್440ಯಲ್ಲಿ ಇದೆ. ರೆಡ್ ಹ್ಯಾಟ್ ಬಳಗದ್ದನ್ನೇ ಕಲಿಯಬೇಕು, ಕೈಯಲ್ಲಿರುವುದು ಎರಡನೆಯ ಪೀಳಿಗೆಯ ಯಂತ್ರ ಎನ್ನುವವರಿಗೆ ಅಲ್ಮಾಲಿನಕ್ಸ್ 10 ಎರಡನೆಯ ದರ್ಜೆಗೆಂದೇ ಬೇರೆ ಆವೃತ್ತಿ ಕೊಡುತ್ತದೆ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಈ ತಂಟೆಯೇ ಇಲ್ಲ.

ಎರಡು ಪ್ರೊಸೆಸರ್‌ಗಳ ದೈತ್ಯ ಯಂತ್ರಗಳು ಆಸೆ ಹುಟ್ಟಿಸುತ್ತವೆ. ಸದ್ದು, ಶಾಖ, ವಿದ್ಯುತ್ ಮೂರರಲ್ಲೂ ಅವು ದುಬಾರಿ. ಮೊದಲ ಯಂತ್ರವಾಗಿ ಬೇಡ. ಕೊಳ್ಳುವ ಮುನ್ನ ಇನ್ನೊಂದು ಸಂಗತಿ ನೋಡಿ: ಡೆಲ್ ಮತ್ತು ಎಚ್‌ಪಿ ವರ್ಕ್‌ಸ್ಟೇಷನ್‌ಗಳ ಪವರ್ ಸಪ್ಲೈ ಬಹುಪಾಲು ಆ ಮಾದರಿಗೆಂದೇ ಮಾಡಿದ್ದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಟಿಎಕ್ಸ್ ಸಪ್ಲೈ ಅದರ ಜಾಗದಲ್ಲಿ ಕೂರುವುದಿಲ್ಲ, ಕನೆಕ್ಟರ್ ಹೊಂದುವುದೂ ಇಲ್ಲ. ಹಾಗಾಗಿ ‘ಪವರ್ ಸಪ್ಲೈ ಒಂದು ಹಾಕಿಸಿದರೆ ಸಾಕು’ ಎಂದು ಮಾರುವವರ ಯಂತ್ರವನ್ನು ಬಿಟ್ಟುಬಿಡಿ.

ಸನ್ ಸ್ಪಾರ್ಕ್, ಎಸ್‌ಜಿಐ, ಡೆಕ್ ಆಲ್ಫಾದಂಥ ಹಳೆಯ ಯುನಿಕ್ಸ್ ವರ್ಕ್‌ಸ್ಟೇಷನ್‌ಗಳ ಮೋಹವಿರುವವರಿಗೂ ಒಂದು ಮಾತು. ನೋಡಲು ಅಂದ, ಕಲಿಯಲು ಕಷ್ಟ. ಡೆಬಿಯನ್ ಆಲ್ಫಾವನ್ನೂ ಸ್ಪಾರ್ಕನ್ನೂ ಅಧಿಕೃತ ಬಿಡುಗಡೆಯಿಂದ ಕೈಬಿಟ್ಟು ಬಹಳ ವರ್ಷವಾಯಿತು. ಹಳೆಯ ಸನ್ ಯಂತ್ರಗಳಲ್ಲಿ ಬ್ಯಾಟರಿ ಒಂದು ಚಿಪ್ಪಿನೊಳಗೇ ಹುದುಗಿರುತ್ತದೆ. ಅದು ಸತ್ತರೆ ಯಂತ್ರ ತನ್ನ ಎತರ್ನೆಟ್ ವಿಳಾಸವನ್ನೇ ಮರೆಯುತ್ತದೆ. ಅಂಥವಕ್ಕೆ ನೆಟ್‌ಬಿಎಸ್‌ಡಿ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹೆಚ್ಚು ಒಗ್ಗುತ್ತದೆ. ಲಿನಕ್ಸ್ ಕಲಿಯುವುದು ಗುರಿಯಾದರೆ ಝಿಯಾನ್ ಯಂತ್ರವೇ ಸರಿ.

ವಿದ್ಯುತ್ ಕೊಡುವ ಮೊದಲು

ಮನೆಗೆ ತಂದ ತಕ್ಷಣ ಗುಂಡಿ ಒತ್ತುವ ಚಪಲ ಎಲ್ಲರಿಗೂ ಇರುತ್ತದೆ. ಮೊದಲು ಪಕ್ಕದ ಬಾಗಿಲು ತೆರೆಯಿರಿ. ವೈರು ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹೊರಹಾಕಿ, ಲೋಹದ ಚೌಕಟ್ಟನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನೂ ಇಳಿಸಿಕೊಳ್ಳಿ.

ಧೂಳನ್ನು ಮೆತ್ತನೆಯ ಬ್ರಷ್ ಮತ್ತು ಬ್ಲೋವರ್‌ನಿಂದ ತೆಗೆಯಿರಿ. ಗಾಳಿ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಬೇಕು. ಮೇಲ್ನೋಟಕ್ಕೆ ಚೊಕ್ಕಟವಾಗಿ ಕಂಡರೂ ಹೀಟ್‌ಸಿಂಕ್‌ನ ರೆಕ್ಕೆಗಳಿಗೂ ಫ್ಯಾನಿಗೂ ನಡುವೆ ಧೂಳಿನ ಕಂಬಳಿ ಕೂತಿರುತ್ತದೆ. ಫ್ಯಾನ್ ಬಿಚ್ಚದೆ ಅದು ಕಾಣುವುದಿಲ್ಲ. ಪವರ್ ಸಪ್ಲೈಯನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪ್ಯಾಸಿಟರ್‌ಗಳು ಅಪಾಯಕಾರಿ ವೋಲ್ಟೇಜ್ ಹಿಡಿದಿಟ್ಟುಕೊಂಡಿರುತ್ತವೆ.

ಥರ್ಮಲ್ ಪೇಸ್ಟ್ ಬದಲಿಸುವುದು ಕಡ್ಡಾಯವಲ್ಲ, ಆದರೆ ಹತ್ತು ವರ್ಷದ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಯಂತ್ರವನ್ನು ಒಮ್ಮೆ ಚಾಲೂ ಮಾಡಿ ನೋಡಿದ ಬಳಿಕ, ಅದು ಇನ್ನೂ ಬೆಚ್ಚಗಿರುವಾಗ ವೈರು ಕಿತ್ತು ಹೀಟ್‌ಸಿಂಕ್ ತೆಗೆಯುವುದು ಸುಲಭ, ತಣ್ಣಗಿದ್ದರೆ ಅಂಟಿಕೊಂಡಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಿ. ಪ್ರೊಸೆಸರನ್ನು ಸಾಕೆಟ್‌ನಿಂದ ಎತ್ತಬೇಡಿ. ಈ ಯಂತ್ರಗಳಲ್ಲಿ ಪಿನ್‌ಗಳಿರುವುದು ಸಾಕೆಟ್‌ನಲ್ಲಿ, ಒಂದು ಬಾಗಿದರೂ ಮದರ್‌ಬೋರ್ಡ್ ಕೈಬಿಟ್ಟಂತೆ.

ಸಿಆರ್2032 ನಾಣ್ಯ ಬ್ಯಾಟರಿಯನ್ನು ಪರೀಕ್ಷಿಸದೆಯೇ ಬದಲಿಸಿಬಿಡಿ. 3 ವೋಲ್ಟ್‌ನ ಈ ಸಣ್ಣ ಬಿಲ್ಲೆ ಸತ್ತರೆ, ಯಂತ್ರವನ್ನು ಎಬ್ಬಿಸುವ ಮೂಲ ಸಾಫ್ಟ್‌ವೇರ್ ಆದ ಬಯೋಸ್‌ನ ಹೊಂದಿಕೆಗಳೂ ಗಡಿಯಾರವೂ ಪ್ರತಿ ಸಲ ಹಿಂದಕ್ಕೆ ಹೋಗುತ್ತವೆ. ಅದರ ಪರಿಣಾಮ ಊಹಿಸದ ಕಡೆ ಕಾಣಿಸುತ್ತದೆ: ಡೆಬಿಯನ್ ಹಾಕಿ ಪ್ಯಾಕೇಜ್‌ಗಳ ಪಟ್ಟಿ ತರುವ ಎಪಿಟಿ ಅಪ್‌ಡೇಟ್ ಕೊಟ್ಟರೆ, ‘ಬಿಡುಗಡೆ ಕಡತ ಇನ್ನೂ ಮಾನ್ಯವಾಗಿಲ್ಲ’ ಎಂಬರ್ಥದ ದೂರು ಬರುತ್ತದೆ. ನೆಟ್‌ವರ್ಕ್‌ನಲ್ಲಿ ದೋಷವೆಂದು ಹುಡುಕುತ್ತ ಕೂರುವವರು ದಿನಾಂಕವನ್ನು ನೋಡಿರುವುದೇ ಇಲ್ಲ. ಯಂತ್ರದ ಪ್ರಕಾರ ಅದು ಇನ್ನೂ 2012ರಲ್ಲಿದೆ. ಇಂದು ಬಂದ ಕಡತ ಅದಕ್ಕೆ ನಾಳಿನದು.

ಮೊದಲ ಚಾಲನೆ

ಕನಿಷ್ಠ ಸಾಮಾನಿನಿಂದ ಶುರುಮಾಡಿ: ಒಂದು ರ‍್ಯಾಮ್ ಕಡ್ಡಿ, ಗ್ರಾಫಿಕ್ಸ್ ಕಾರ್ಡ್, ಕೀಬೋರ್ಡ್, ಪರದೆ. ಡಿಸ್ಕ್‌ಗಳ ಕೇಬಲ್ ಕಳಚಿಟ್ಟಿರಿ. ಝಿಯಾನ್ ಇ5 ಪ್ರೊಸೆಸರ್‌ನೊಳಗೆ ಗ್ರಾಫಿಕ್ಸ್ ಇಲ್ಲವಾದ್ದರಿಂದ ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಬರುವುದಿಲ್ಲ. ರ‍್ಯಾಮ್ ಬದಲಿಸಿದ ಬಳಿಕ ಮೊದಲ ಸಲ ಪರದೆ ಬಹಳ ಹೊತ್ತು ಕಪ್ಪಗೇ ಇರಬಹುದು. ಯಂತ್ರ ನೆನಪಿನ ಕಡ್ಡಿಗಳನ್ನು ಅಳೆದುಕೊಳ್ಳುತ್ತಿರುತ್ತದೆ, ಗಾಬರಿಯಿಂದ ಗುಂಡಿ ಒತ್ತಬೇಡಿ.

ಏನೂ ಬರದಿದ್ದರೆ ದೀಪ ಮತ್ತು ಬೀಪ್‌ಗಳನ್ನು ಎಣಿಸಿ. ಎಚ್‌ಪಿಯ ಆ ಕಾಲದ ಯಂತ್ರಗಳಲ್ಲಿ ಕೆಂಪು ದೀಪ ಐದು ಸಲ ಮಿನುಗಿ ನಿಂತರೆ ರ‍್ಯಾಮ್ ದೋಷ, ಆರು ಸಲವಾದರೆ ಗ್ರಾಫಿಕ್ಸ್. ಡೆಲ್ ತನ್ನ ಮುಂಭಾಗದ ದೀಪಗಳ ಜೋಡಣೆಯಲ್ಲಿ ಇದನ್ನೇ ಹೇಳುತ್ತದೆ. ರ‍್ಯಾಮ್ ದೋಷವೆಂದರೆ ಬಹಳ ಸಲ ಕಡ್ಡಿ ಸರಿಯಾಗಿ ಕೂತಿಲ್ಲ ಎಂದಷ್ಟೇ. ತೆಗೆದು, ಒರೆಸಿ, ಮತ್ತೆ ಒತ್ತಿ. ರಿಜಿಸ್ಟರ್ಡ್ ಮತ್ತು ಅನ್‌ಬಫರ್ಡ್ ಎಂಬ ಎರಡು ಬಗೆಯ ಕಡ್ಡಿಗಳನ್ನು ಬೆರೆಸಿದ್ದರೂ ಯಂತ್ರ ಏಳುವುದಿಲ್ಲ. ಕಡ್ಡಿಯ ಚೀಟಿಯಲ್ಲಿ ವೇಗದ ಸಂಖ್ಯೆಯ ಬೆನ್ನಿಗಿರುವ ಆರ್ ಅಥವಾ ಇ ಅಕ್ಷರ ಆ ಭೇದವನ್ನು ಹೇಳುತ್ತದೆ.

ಬಯೋಸ್‌ಗೆ ಪಾಸ್‌ವರ್ಡ್ ಹಾಕಿದ್ದರೆ ಮ್ಯಾನುಯಲ್‌ನಲ್ಲಿ ಪಾಸ್‌ವರ್ಡ್ ಜಂಪರ್ ಎಲ್ಲಿದೆ ನೋಡಿ. ಒಳಹೊಕ್ಕ ಮೇಲೆ ಮೊದಲು ಕಾರ್ಖಾನೆಯ ಹೊಂದಿಕೆಗೆ ಮರಳಿಸಿ, ಆಮೇಲೆ ಇವನ್ನು ಬದಲಿಸಿ:

- ದಿನಾಂಕ ಮತ್ತು ಸಮಯ.
- ಸಾಟಾ ವಿಧಾನ ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಕಟ್ಟುವುದು) ಎಂದಿದ್ದರೆ ಎಎಚ್‌ಸಿಐಗೆ. ಲಿನಕ್ಸ್‌ನ ಸ್ವಂತ ರೇಡ್ ಇದಕ್ಕಿಂತ ಮೇಲು.
- ವರ್ಚುವಲೈಸೇಷನ್‌ಗೆ ಸಂಬಂಧಿಸಿದ ವಿಟಿ-ಎಕ್ಸ್ ಮತ್ತು ವಿಟಿ-ಡಿ ಎರಡೂ ಚಾಲೂ. ಹಲವು ಯಂತ್ರಗಳಲ್ಲಿ ಇವು ಮುಚ್ಚಿರುತ್ತವೆ.
- ಬೂಟ್ (ಯಂತ್ರ ಏಳುವ) ವಿಧಾನ ಯುಇಎಫ್‌ಐ, ಯಂತ್ರ ಒಪ್ಪುವುದಾದರೆ.

ಕಚೇರಿಯ ಯಂತ್ರವೆಂಬ ಕಾರಣಕ್ಕೆ ಇನ್ನೊಂದು ಕೆಲಸ ಬಾಕಿ. ಇಂಟೆಲ್ ವಿಪ್ರೊ ಇರುವ ಯಂತ್ರಗಳಲ್ಲಿ ಎಎಂಟಿ ಎಂಬ ದೂರನಿಯಂತ್ರಣ ವ್ಯವಸ್ಥೆ ಇರಬಹುದು. ಆಪರೇಟಿಂಗ್ ಸಿಸ್ಟಂ ಮಲಗಿದ್ದರೂ ಅದು ಎಚ್ಚರವಾಗಿರುತ್ತದೆ. ಹಳೆಯ ಮಾಲೀಕರ ಐಟಿ ವಿಭಾಗ ಅದನ್ನು ಹೊಂದಿಸಿಟ್ಟಿದ್ದರೆ ಹಾಗೆಯೇ ಉಳಿದಿರುತ್ತದೆ. ಅನೇಕ ಯಂತ್ರಗಳಲ್ಲಿ ಚಾಲನೆಯ ವೇಳೆ ಕಂಟ್ರೋಲ್ ಮತ್ತು ಪಿ ಒತ್ತಿದರೆ ಅದರ ಪರದೆ ಸಿಗುತ್ತದೆ. ಅಲ್ಲಿ ಎಲ್ಲವನ್ನೂ ಅಳಿಸಿ, ಬೇಡವೆಂದರೆ ನಿಷ್ಕ್ರಿಯಗೊಳಿಸಿ.

ರ‍್ಯಾಮ್ ಪರೀಕ್ಷೆ

ಎಲ್ಲ ಕಡ್ಡಿಗಳನ್ನೂ ಹಾಕಿ. ಮೂರು ಚಾನಲ್ ಯಂತ್ರಕ್ಕೆ ಮೂರರಂತೆ, ನಾಲ್ಕು ಚಾನಲ್‌ನದಕ್ಕೆ ನಾಲ್ಕರಂತೆ, ಮ್ಯಾನುಯಲ್ ಹೇಳಿದ ಸ್ಲಾಟ್‌ಗಳಲ್ಲೇ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86+ ಚಾಲೂ ಮಾಡಿ ರಾತ್ರಿಯಿಡೀ ಬಿಡಿ. ಒಂದು ತಪ್ಪು ಬಂದರೂ ಅದು ತಪ್ಪೇ. ಕಡ್ಡಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಅಪರಾಧಿಯನ್ನು ಹಿಡಿಯಬೇಕು.

ಇಸಿಸಿ ರ‍್ಯಾಮ್‌ನಲ್ಲಿ ಒಂದು ಸೂಕ್ಷ್ಮವಿದೆ. ಒಂದು ಬಿಟ್ ತಿರುಗಿಬಿದ್ದರೆ ಯಂತ್ರವೇ ತಿದ್ದಿಕೊಳ್ಳುತ್ತದೆ, ಆದ್ದರಿಂದ ಸೊರಗುತ್ತಿರುವ ಕಡ್ಡಿಯೂ ಪರೀಕ್ಷೆಯಲ್ಲಿ ಪಾಸಾಗಬಹುದು. ತಿದ್ದಿದ ತಪ್ಪುಗಳ ಲೆಕ್ಕವನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಇಡಿಎಸಿ ಭಾಗ ಇಡುತ್ತದೆ. ಮುಂದೆ ಡೆಬಿಯನ್ ಹಾಕಿದ ಮೇಲೆ ರ‍್ಯಾಸ್‌ಡೀಮನ್ ಪ್ಯಾಕೇಜ್ ಅಳವಡಿಸಿಕೊಂಡರೆ ಯಾವ ಸ್ಲಾಟ್‌ನ ಕಡ್ಡಿ ಎಷ್ಟು ಸಲ ಎಡವಿತು ಎಂಬುದನ್ನು ಓದಬಹುದು. ಇಂಥ ಮಾಹಿತಿ ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲಿ ಕಲಿಯುವವರ ಕಣ್ಣಿಗೆ ಬೀಳುವುದೇ ಇಲ್ಲ.

ಡಿಸ್ಕ್‌ಗಳು

ಆಪರೇಟಿಂಗ್ ಸಿಸ್ಟಂಗೆ ಹೊಸದೊಂದು ಸಣ್ಣ ಸಾಟಾ ಎಸ್‌ಎಸ್‌ಡಿ ಕೊಳ್ಳಿ. ನಾಣ್ಯ ಬ್ಯಾಟರಿಯಂಥ ಸಣ್ಣಪುಟ್ಟದ್ದು ಬಿಟ್ಟರೆ ಈ ಇಡೀ ಸಾಹಸದಲ್ಲಿ ಹೊಸದಾಗಿ ಖರ್ಚು ಮಾಡಬೇಕಾದದ್ದು ಅದೊಂದಕ್ಕೇ. ಯಂತ್ರದ ಜೊತೆ ಬಂದ ಹಾರ್ಡ್ ಡಿಸ್ಕ್‌ಗಳನ್ನು ಎಸೆಯಬೇಡಿ, ಅವು ಪ್ರಯೋಗಕ್ಕೆ ಬೇಕು. ಎಸ್‌ಎಎಸ್ ಡಿಸ್ಕ್ ಬಂದಿದ್ದರೆ ಅದು ಸಾಟಾ ಪೋರ್ಟ್‌ಗೆ ಹೊಂದುವುದಿಲ್ಲ, ಅದಕ್ಕೆ ಎಸ್‌ಎಎಸ್ ಕಂಟ್ರೋಲರ್ ಬೇಕು.

ಹಳೆಯ ಡಿಸ್ಕ್‌ನಲ್ಲಿ ಹಿಂದಿನವರ ಕಡತಗಳು ಇರಬಹುದು. ಇಣುಕದೆ ಅಳಿಸಿ. ಅಳವಡಿಸದೆಯೇ ಲಿನಕ್ಸ್ ನಡೆಸುವ ಲೈವ್ ಪೆನ್‌ಡ್ರೈವ್‌ನಿಂದ ಯಂತ್ರ ಎಬ್ಬಿಸಿ, ಡಿಡಿ ಕಮಾಂಡ್‌ನಿಂದ ಡಿಸ್ಕ್‌ನ ತುಂಬ ಸೊನ್ನೆ ಬರೆಯಿರಿ. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ 1 ಟೆರಾಬೈಟ್‌ಗೆ ಎರಡು ಗಂಟೆಯ ಹತ್ತಿರ ಹಿಡಿಯುತ್ತದೆ. ಎಸ್‌ಎಸ್‌ಡಿ ಆದರೆ ಅದರದೇ ಸೆಕ್ಯೂರ್ ಇರೇಸ್ ಸೌಲಭ್ಯ ಬಳಸಿ. ಯಾವ ಡಿಸ್ಕ್‌ಗೆ ಬರೆಯುತ್ತಿದ್ದೀರಿ ಎಂಬುದನ್ನು ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ನಲ್ಲಿ ಗಾತ್ರ, ಮಾದರಿ ನೋಡಿ ಖಚಿತಪಡಿಸಿಕೊಳ್ಳಿ. ಡಿಡಿ ಪ್ರಶ್ನೆ ಕೇಳುವ ಜಾತಿಯದ್ದಲ್ಲ.

ಅಳಿಸುವ ಮೊದಲೂ ಅಳಿಸಿದ ಮೇಲೂ ಸ್ಮಾರ್ಟ್‌ಸಿಟಿಎಲ್ ಕಮಾಂಡ್‌ಗೆ ಸಣ್ಣಕ್ಷರದ ಎ ಆಯ್ಕೆ ಕೊಟ್ಟು ಡಿಸ್ಕ್‌ನ ಜಾತಕ ಓದಿ. ಉದ್ದ ಪಟ್ಟಿಯಲ್ಲಿ ನಾಲ್ಕೇ ಸಾಲು ಮುಖ್ಯ. 9ನೇ ಗುಣ ದುಡಿದ ಗಂಟೆಗಳು; 40,000 ಎಂದರೆ ನಾಲ್ಕೂವರೆ ವರ್ಷ ಬಿಡುವಿಲ್ಲದೆ ತಿರುಗಿದೆ. ಅದೊಂದರಿಂದಲೇ ಹೆದರಬೇಕಿಲ್ಲ. 5ನೆಯದು ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕ್‌ನ ಸಣ್ಣ ತುಣುಕುಗಳು), 197 ಓದಲಾಗದೆ ತೀರ್ಪಿಗೆ ಕಾದಿರುವವು, 198 ಡಿಸ್ಕ್ ತನ್ನ ಸ್ವಂತ ಪರೀಕ್ಷೆಯಲ್ಲಿ ತಿದ್ದಲಾಗದ್ದೆಂದು ಕಂಡವು. ಈ ಮೂರರ ಕೊನೆಯ ಅಂಕಣ ಸೊನ್ನೆಯಿದ್ದರೆ ನೆಮ್ಮದಿ.

197ರ ಎದುರು 8 ಎಂದು ಕಂಡಿತು ಎಂದುಕೊಳ್ಳಿ. ಎಂಟು ಕಡೆ ಗಾಯ ಎಂದು ಓದಬೇಡಿ. ಈಗಿನ ಡಿಸ್ಕ್‌ಗಳು ಒಳಗೆ 4096 ಬೈಟ್‌ಗಳ ಸೆಕ್ಟರ್ ಬಳಸಿ ಹೊರಗೆ 512 ಬೈಟ್‌ಗಳ ಎಂಟು ಸೆಕ್ಟರ್‌ಗಳಂತೆ ತೋರಿಸುತ್ತವೆ. ಒಂದೇ ಒಂದು ನಿಜವಾದ ಸೆಕ್ಟರ್ ಹಾಳಾದರೂ ಲೆಕ್ಕ ಎಂಟು. ಅಲ್ಲಿಗೆ ಹೊಸದಾಗಿ ಬರೆದಾಗ ಡಿಸ್ಕ್ ತೀರ್ಮಾನ ಮಾಡುತ್ತದೆ: ಬರಹ ನಿಂತರೆ ಸಂಖ್ಯೆ ಸೊನ್ನೆಗೆ ಇಳಿಯುತ್ತದೆ, ನಿಲ್ಲದಿದ್ದರೆ ಬದಲಿ ಜಾಗ ಕೊಟ್ಟು 5ನೇ ಗುಣವನ್ನು ಏರಿಸುತ್ತದೆ. ಸೊನ್ನೆ ಬರೆಯುವ ಮೊದಲೊಮ್ಮೆ, ಬರೆದ ಮೇಲೊಮ್ಮೆ ಈ ಪಟ್ಟಿಯನ್ನು ಉಳಿಸಿಟ್ಟು ಹೋಲಿಸಿದರೆ ಆ ತೀರ್ಮಾನ ನಿಮ್ಮ ಕಣ್ಣೆದುರೇ ಆಗಿರುತ್ತದೆ. ವಾರದಿಂದ ವಾರಕ್ಕೆ ಸಂಖ್ಯೆ ಏರುತ್ತ ಹೋಗುವ ಡಿಸ್ಕ್‌ನಲ್ಲಿ ಬೇಕಾದ ಕಡತ ಇಡಬೇಡಿ. ಪ್ರಯೋಗಕ್ಕೆ ಮಾತ್ರ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಡೆಬಿಯನ್ ಅಳವಡಿಸುವುದು

ಯಾವ ಡಿಸ್ಟ್ರೊ, ಅಂದರೆ ಲಿನಕ್ಸ್‌ನ ಯಾವ ಬಗೆ, ಎಂಬ ಚರ್ಚೆಗೆ ಕೊನೆಯಿಲ್ಲ. ಕಲಿಯುವವರಿಗೆ ನನ್ನ ಆಯ್ಕೆ ಡೆಬಿಯನ್ ಸ್ಟೇಬಲ್. ಇದನ್ನು ಬರೆಯುವ ಹೊತ್ತಿಗೆ ಅದು 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿ, ಟ್ರಿಕ್ಸಿ. ಪದೇ ಪದೇ ಬದಲಾಗುವುದಿಲ್ಲ, ಅದರಲ್ಲಿ ಕಲಿತದ್ದು ಉಬುಂಟುವಿನಲ್ಲೂ ಮಿಂಟ್‌ನಲ್ಲೂ ನಡೆಯುತ್ತದೆ. 12ನೇ ಆವೃತ್ತಿಯಿಂದ ಹಾರ್ಡ್‌ವೇರ್‌ಗೆ ಬೇಕಾದ ಫರ್ಮ್‌ವೇರ್ ಕೂಡ ಇನ್‌ಸ್ಟಾಲರ್‌ನಲ್ಲೇ ಇರುವುದರಿಂದ ಹಿಂದಿನ ಗೋಳಿಲ್ಲ. 32-ಬಿಟ್ ಯಂತ್ರಗಳಿಗೆ ಮಾತ್ರ 13ರಿಂದ ಇನ್‌ಸ್ಟಾಲರ್ ಇಲ್ಲ.

ನೆಟ್‌ಇನ್‌ಸ್ಟ್ ಚಿತ್ರಿಕೆಯನ್ನು ಇಳಿಸಿ, ಶಾ256ಸಮ್‌ನಿಂದ ತಾಳೆ ನೋಡಿ, ಪೆನ್‌ಡ್ರೈವ್‌ಗೆ ಡಿಡಿಯಿಂದ ಬರೆಯಿರಿ. ಇನ್‌ಸ್ಟಾಲರ್‌ನ ಪ್ರಶ್ನೆಗಳು ನೇರವಾಗಿವೆ. ನಿಂತು ಯೋಚಿಸಬೇಕಾದ ಜಾಗ ಎರಡು. ಡಿಸ್ಕ್ ವಿಭಜನೆಯಲ್ಲಿ, ವಿಭಾಗಗಳನ್ನು ಆಮೇಲೂ ಹಿಗ್ಗಿಸಲು ಬಿಡುವ ಎಲ್‌ವಿಎಂ ಆರಿಸಿ, ಎಷ್ಟು ಜಾಗ ಬಳಸಬೇಕು ಎಂದು ಕೇಳಿದಾಗ ಮುಕ್ಕಾಲು ಭಾಗ ಮಾತ್ರ ಕೊಡಿ. ಉಳಿದ ಕಾಲು ಭಾಗದಿಂದ ಮುಂದೆ ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆಯಬಹುದು, ವಿಭಾಗ ಹಿಗ್ಗಿಸುವುದನ್ನು ಕಲಿಯಬಹುದು. ಎರಡನೆಯದು, ಸಾಫ್ಟ್‌ವೇರ್ ಆಯ್ಕೆಯ ಪರದೆ: ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಮತ್ತು ದೂರದಿಂದ ಒಳಬರಲು ಬೇಕಾದ ಎಸ್‌ಎಸ್‌ಎಚ್ ಸರ್ವರ್ ಗುರುತು ಹಾಕಿ, ಮಿಕ್ಕಿದ್ದನ್ನು ಬಿಡಿ.

ಸಾಟಾಗಿಂತ ವೇಗದ ಎನ್‌ವಿಎಂಇ ಡಿಸ್ಕ್ ಇದ್ದರೆ ಅಡಾಪ್ಟರ್ ಕಾರ್ಡ್ ಮೂಲಕ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್‌ಗೆ ಹಾಕಬಹುದು. ಆದರೆ ಎರಡನೆಯ ಪೀಳಿಗೆಯ ಬಯೋಸ್‌ಗೆ ಅದರಿಂದ ಬೂಟ್ ಮಾಡಲು ಬರುವುದಿಲ್ಲ. ಲಿನಕ್ಸ್‌ಗೆ ಬರುತ್ತದೆ. ಬೂಟ್ ವಿಭಾಗವನ್ನು ಸಾಟಾ ಡಿಸ್ಕ್‌ನಲ್ಲಿಟ್ಟು, ಉಳಿದ ವ್ಯವಸ್ಥೆಯಿರುವ ರೂಟ್ ವಿಭಾಗವನ್ನು ಎನ್‌ವಿಎಂಇಯಲ್ಲಿಟ್ಟರೆ ಆಯಿತು. ಬೂಟ್ ಪ್ರಕ್ರಿಯೆಯಲ್ಲಿ ಬಯೋಸ್ ಎಲ್ಲಿ ಕೈಬಿಡುತ್ತದೆ, ಕರ್ನಲ್ ಎಲ್ಲಿ ಕೈಗೆತ್ತಿಕೊಳ್ಳುತ್ತದೆ ಎಂಬುದು ಇದನ್ನು ಮಾಡಿದವರಿಗೆ ಮತ್ತೆ ವಿವರಿಸಬೇಕಿಲ್ಲ.

ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾ ಕ್ವಾಡ್ರೊ ಆಗಿದ್ದರೆ ಕಂಪನಿಯ ಡ್ರೈವರ್ ಹಾಕುವ ಆತುರ ಬೇಡ. ಫರ್ಮಿ ಪೀಳಿಗೆಯ ಕ್ವಾಡ್ರೊ 600, 2000ಕ್ಕೆ 390ರ ಸರಣಿ, ಕೆಪ್ಲರ್ ಪೀಳಿಗೆಯ ಕೆ600, ಕೆ2000ಕ್ಕೆ 470ರ ಸರಣಿಯೇ ಕೊನೆ. ಎರಡಕ್ಕೂ ಕಂಪನಿಯ ಬೆಂಬಲ ನಿಂತಿದೆ, ಹೊಸ ಕರ್ನಲ್‌ಗೆ ಹೊಂದಿಸುವುದು ತಲೆನೋವು. ಕರ್ನಲ್‌ನಲ್ಲೇ ಇರುವ ನೂವೊ ಡ್ರೈವರ್ ಕಲಿಕೆಯ ಯಂತ್ರಕ್ಕೆ ಧಾರಾಳ ಸಾಕು. ಬೂಟ್ ಆಗುವಾಗ ಪರದೆ ಕಪ್ಪಾಗಿ ನಿಂತರೆ ಗ್ರಬ್ (ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್) ಮೆನುವಿನಲ್ಲಿ ಇ ಕೀಲಿ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೊಮೋಡ್‌ಸೆಟ್ ಸೇರಿಸಿ, ಎಫ್10 ಒತ್ತಿ. ಎಎಂಡಿ ಫೈರ್‌ಪ್ರೊ ಇದ್ದವರಿಗೆ ಇಷ್ಟು ಗೋಜಿಲ್ಲ.

ಯಂತ್ರದ ಮಾತು ಓದುವುದು

ಡೆಸ್ಕ್‌ಟಾಪ್ ಕಂಡ ಕೂಡಲೇ ವಾಲ್‌ಪೇಪರ್ ಬದಲಿಸಲು ಹೋಗದೆ ಟರ್ಮಿನಲ್ ತೆರೆಯಿರಿ. ಎಲ್‌ಎಸ್‌ಸಿಪಿಯು, ಎಲ್‌ಎಸ್‌ಪಿಸಿಐ, ಡಿಎಂಐಡಿಕೋಡ್ ಮೂರನ್ನೂ ಒಂದೊಂದಾಗಿ ಕೊಟ್ಟು, ಪೆಟ್ಟಿಗೆಯೊಳಗೆ ನೀವೇ ಕೈಯಾರೆ ಮುಟ್ಟಿದ ಭಾಗಗಳು ಇಲ್ಲಿ ಯಾವ ಹೆಸರಿನಲ್ಲಿ ಕಾಣುತ್ತವೆ ಎಂದು ಹೊಂದಿಸಿ ನೋಡಿ. ಆಮೇಲೆ ನಿರ್ವಾಹಕರ ಅಧಿಕಾರ ಕೊಡುವ ಸುಡೊ ಜೊತೆ ಡಿಮೆಸೇಜ್ ಕೊಟ್ಟು ಕರ್ನಲ್‌ನ ದಿನಚರಿ ಓದಿ. ಟರ್ಮಿನಲ್‌ನಲ್ಲಿ ಆ ಹೆಸರು ಡಿ, ಎಂ, ಇ, ಎಸ್, ಜಿ ಎಂಬ ಐದೇ ಅಕ್ಷರ.

ಅದರಲ್ಲಿ ಎಟಿಎ1 ಎಂದು ಶುರುವಾಗಿ ‘ಸಾಟಾ ಲಿಂಕ್ ಅಪ್ 3.0 ಜಿಬಿಪಿಎಸ್’ ಎನ್ನುವ ಸಾಲು ಸಿಗಬಹುದು. ಹೊಸ ಎಸ್‌ಎಸ್‌ಡಿ 6.0ರದ್ದು, ಸಾಲು 3.0 ಎನ್ನುತ್ತಿದೆ. ಡಿಸ್ಕ್‌ನದೂ ತಪ್ಪಿಲ್ಲ, ಕೇಬಲ್‌ನದೂ ಇಲ್ಲ. ಝಡ್420, ಟಿ3600 ಪೀಳಿಗೆಯ ಚಿಪ್‌ಸೆಟ್‌ನಲ್ಲಿ 6 ಗಿಗಾಬಿಟ್‌ನ ಪೋರ್ಟ್ ಎರಡೇ. ಮಿಕ್ಕವೆಲ್ಲ 3 ಗಿಗಾಬಿಟ್‌ನವು. ಎಸ್‌ಎಸ್‌ಡಿಯನ್ನು ನಿಧಾನದ ಪೋರ್ಟ್‌ಗೆ ಸಿಕ್ಕಿಸಲಾಗಿದೆ, ಅಷ್ಟೇ. ಮ್ಯಾನುಯಲ್ ನೋಡಿ ಕೇಬಲ್ ಬದಲಿಸಿ, ಮತ್ತೆ ಬೂಟ್ ಮಾಡಿದರೆ ಅದೇ ಸಾಲಿನಲ್ಲಿ 6.0 ಕಾಣುತ್ತದೆ. ಈ ಸಾಲನ್ನು ಓದದವರು ಅರ್ಧ ವೇಗದ ಡಿಸ್ಕ್‌ನೊಂದಿಗೆ ವರ್ಷಗಟ್ಟಲೆ ಸಂಸಾರ ಮಾಡುತ್ತಾರೆ.

ಎಲ್‌ಎಂ-ಸೆನ್ಸರ್ಸ್ ಅಳವಡಿಸಿ ಸೆನ್ಸರ್ಸ್ ಎಂದು ಕೊಟ್ಟರೆ ಪ್ರೊಸೆಸರ್‌ನ ಉಷ್ಣಾಂಶ ತಿಳಿಯುತ್ತದೆ. ಸುಮ್ಮನಿದ್ದಾಗಲೇ 60 ಡಿಗ್ರಿ ದಾಟಿದ್ದರೆ ಥರ್ಮಲ್ ಪೇಸ್ಟ್ ಅಥವಾ ಫ್ಯಾನ್ ಕಡೆ ಗಮನ ಹರಿಸಿ.

ಬೇಕೆಂದೇ ಕೆಡಿಸುವುದು

ಯಂತ್ರ ನೆಟ್ಟಗೆ ನಿಂತಿತು. ಈಗ ಅದನ್ನು ಬೀಳಿಸಬೇಕು. ಪ್ರತಿ ಪ್ರಯೋಗಕ್ಕೆ ಮುನ್ನ ಕ್ಲೋನ್‌ಝಿಲ್ಲಾದಿಂದ ಎಸ್‌ಎಸ್‌ಡಿಯ ಪ್ರತಿಯನ್ನು ಹಳೆಯ ಡಿಸ್ಕ್‌ಗಳಲ್ಲಿ ಗಟ್ಟಿಯಾದದ್ದರ ಮೇಲೆ ಇಟ್ಟುಕೊಂಡರೆ ಭಯವಿರುವುದಿಲ್ಲ.

ಮೊದಲ ಪ್ರಯೋಗ ಎಫ್‌ಎಸ್‌ಟ್ಯಾಬ್, ಅಂದರೆ ಬೂಟ್ ವೇಳೆ ಯಾವ ಡಿಸ್ಕನ್ನು ಎಲ್ಲಿ ತೆರೆಯಬೇಕೆಂಬ ಪಟ್ಟಿ. ಇಟಿಸಿ ಡೈರೆಕ್ಟರಿಯ ಈ ಕಡತದಲ್ಲಿ ಇಲ್ಲದ ಡಿಸ್ಕ್ ಒಂದರ ಸಾಲು ಸೇರಿಸಿ ಮರುಚಾಲನೆ ಮಾಡಿ. ಬೂಟ್ ವೇಳೆ ಉಳಿದೆಲ್ಲವನ್ನೂ ಎಬ್ಬಿಸುವ ಸಿಸ್ಟಂಡಿ ಆ ಡಿಸ್ಕ್‌ಗಾಗಿ ತೊಂಬತ್ತು ಸೆಕೆಂಡು ಕಾದು, ಕೈಚೆಲ್ಲಿ, ತುರ್ತು ಸ್ಥಿತಿಗೆ ಬೀಳುತ್ತದೆ. ಡೆಬಿಯನ್ ಹಾಕುವಾಗ ರೂಟ್ (ಪೂರ್ಣಾಧಿಕಾರದ ಖಾತೆ) ಪಾಸ್‌ವರ್ಡ್ ಖಾಲಿ ಬಿಟ್ಟವರಿಗೆ ಇಲ್ಲೊಂದು ಬಲೆ ಕಾದಿದೆ: ರೂಟ್ ಖಾತೆಗೆ ಬೀಗ ಬಿದ್ದಿರುವುದರಿಂದ ಕನ್ಸೋಲ್ ತೆರೆಯಲಾಗದು ಎಂಬ ಸಂದೇಶ ಬರುತ್ತದೆ, ಒಳಗೆ ಬಿಡುವುದಿಲ್ಲ. ದಾರಿ ಗ್ರಬ್‌ನಲ್ಲಿದೆ. ಆಗಿನಂತೆಯೇ ಇ ಒತ್ತಿ, ಲಿನಕ್ಸ್ ಸಾಲಿನ ಕೊನೆಗೆ ‘ಇನಿಟ್’, ಸಮ ಚಿಹ್ನೆ, ಬಳಿಕ ಬ್ಯಾಶ್‌ನ ಪೂರ್ತಿ ಹಾದಿ ಬರೆದು ಬೂಟ್ ಮಾಡಿ. ಸಿಸ್ಟಂಡಿಯೇ ಇಲ್ಲದೆ, ಬರಿಯ ಕರ್ನಲ್ ಮತ್ತು ಒಂದು ಶೆಲ್ ಸಿಗುತ್ತದೆ. ರೂಟ್ ವಿಭಾಗ ಓದಲಷ್ಟೇ ತೆರೆದಿರಬಹುದು. ಮೌಂಟ್ ಕಮಾಂಡ್‌ಗೆ ರಿಮೌಂಟ್, ಆರ್‌ಡಬ್ಲ್ಯು ಆಯ್ಕೆಗಳನ್ನು ಕೊಟ್ಟು ಬರೆಯಲು ತೆರೆಯಿರಿ, ತಪ್ಪು ಸಾಲು ಅಳಿಸಿ, ಸಿಂಕ್ ಕೊಟ್ಟು ಮರುಚಾಲನೆ ಮಾಡಿ. ಹೊರಗಿನ ಡಿಸ್ಕ್‌ಗಳ ಸಾಲಿಗೆ ನೋಫೇಲ್ (ಡಿಸ್ಕ್ ಸಿಗದಿದ್ದರೂ ಮುಂದುವರಿ) ಎಂದು ಸೇರಿಸುವ ಅಭ್ಯಾಸ ಅಂದಿನಿಂದ ತಾನಾಗಿಯೇ ಬರುತ್ತದೆ.

ಎರಡನೆಯದು ಬೂಟ್‌ಲೋಡರ್. ಅದನ್ನು ಅಳಿಸಿ, ಲೈವ್ ಪೆನ್‌ಡ್ರೈವ್‌ನಿಂದ ಎದ್ದು, ರೂಟ್ ಮತ್ತು ಬೂಟ್ ವಿಭಾಗಗಳನ್ನು ಮೌಂಟ್ ಮಾಡಿ, ಡೆವ್, ಪ್ರೊಕ್, ಸಿಸ್ ಡೈರೆಕ್ಟರಿಗಳನ್ನು ಬೈಂಡ್ ಮಾಡಿ, ಸಿಎಚ್‌ರೂಟ್‌ನಿಂದ ಒಳಹೊಕ್ಕು ಗ್ರಬ್ ಮರುಸ್ಥಾಪಿಸಿ. ನಿಜವಾದ ಅವಘಡಗಳಲ್ಲಿ ಹೆಚ್ಚಿನವಕ್ಕೆ ಇದೇ ಮದ್ದು.

ಮೂರನೆಯದಕ್ಕೆ ಆ ಹಳೆಯ ಹಾರ್ಡ್ ಡಿಸ್ಕ್‌ಗಳು ಬೇಕು. ಎರಡನ್ನು ಎಂಡಿಎಡಿಎಂನಿಂದ ರೇಡ್ 1 (ಎರಡರಲ್ಲೂ ಒಂದೇ ಮಾಹಿತಿ) ಮಾಡಿ, ಪ್ರೊಕ್‌ನಲ್ಲಿರುವ ಎಂಡಿಸ್ಟ್ಯಾಟ್ ಕಡತ ನೋಡಿ: ಆವರಣದೊಳಗೆ ಯು ಅಕ್ಷರ ಎರಡಿರುತ್ತದೆ. ದೊಡ್ಡದೊಂದು ಕಡತ ನಕಲಾಗುತ್ತಿರುವಾಗ ಒಂದು ಡಿಸ್ಕ್ ವಿಫಲವಾಯಿತೆಂದು ಎಂಡಿಎಡಿಎಂನಿಂದಲೇ ಘೋಷಿಸಿ. ಒಂದು ಯು ಹೋಗಿ ಅಡಿಗೆರೆ ಬರುತ್ತದೆ, ನಕಲು ಮಾತ್ರ ನಿಲ್ಲುವುದಿಲ್ಲ. ಡಿಸ್ಕ್ ಮರಳಿ ಸೇರಿಸಿದಾಗ ಮರುಜೋಡಣೆ ಶೇಕಡಾವಾರು ಏರುವುದನ್ನೂ ನೋಡಬಹುದು. 197ರ ಸಂಖ್ಯೆ ಏರುತ್ತಿದ್ದ ಆ ಡಿಸ್ಕ್ ನಿಮ್ಮಲ್ಲಿದ್ದರೆ ಇಲ್ಲಿಗೇ ತನ್ನಿ. ಅದು ತಾನೇ ವಿಫಲವಾಗುವುದು ನಾವು ಘೋಷಿಸುವ ವೈಫಲ್ಯಕ್ಕಿಂತ ಹೆಚ್ಚು ಕಲಿಸುತ್ತದೆ, ಏಕೆಂದರೆ ಅದು ಒಮ್ಮೆಲೇ ಸಾಯದೆ ಜರ್ನಲ್‌ಸಿಟಿಎಲ್ ತೋರಿಸುವ ದಿನಚರಿಯ ತುಂಬ ದೂರು ಬರೆಯುತ್ತ ಸಾಯುತ್ತದೆ.

32 ಗಿಗಾಬೈಟ್ ರ‍್ಯಾಮ್ ಇದ್ದವರು ಕೆವಿಎಂ ಮತ್ತು ವರ್ಟ್-ಮ್ಯಾನೇಜರ್ ಹಾಕಿಕೊಂಡು, ತಲಾ 2 ಗಿಗಾಬೈಟ್‌ನ ನಾಲ್ಕಾರು ವರ್ಚುವಲ್ ಯಂತ್ರಗಳಿಂದ ಪೆಟ್ಟಿಗೆಯೊಳಗೇ ಒಂದು ಪುಟ್ಟ ಜಾಲ ಕಟ್ಟಬಹುದು. ಕರ್ನಲ್ ಕಂಪೈಲ್ ಮಾಡುವ ಆಸೆಯಿದ್ದರೆ ಲೋಕಲ್‌ಮಾಡ್‌ಕಾನ್ಫಿಗ್ ಗುರಿ ಬಳಸಿ. ಈಗ ಬಳಕೆಯಲ್ಲಿರುವ ಮಾಡ್ಯೂಲ್‌ಗಳನ್ನಷ್ಟೇ ಆರಿಸುವುದರಿಂದ ಸಮಯ ಬಹಳ ಉಳಿಯುತ್ತದೆ.

ಮೂಲೆಯಲ್ಲಿಟ್ಟು ದೂರದಿಂದ ಆಳುವುದು

ಕೆಲವು ವಾರಗಳ ಬಳಿಕ ಪರದೆ, ಕೀಬೋರ್ಡ್ ಕಿತ್ತು ಲ್ಯಾಪ್‌ಟಾಪ್‌ನಿಂದ ಎಸ್‌ಎಸ್‌ಎಚ್ ಮೂಲಕವಷ್ಟೇ ಬಳಸಿ. ಸರ್ವರ್ ನಿರ್ವಹಣೆಯ ರೂಢಿ ಹಾಗೆಯೇ ಬರುವುದು. ಗ್ರಾಫಿಕ್ಸ್ ಕಾರ್ಡನ್ನು ಅದರ ಜಾಗದಲ್ಲೇ ಬಿಡಿ. ಅದಿಲ್ಲದೆ ಹಲವು ಯಂತ್ರಗಳು ಬೂಟ್ ಆಗಲು ಒಪ್ಪುವುದಿಲ್ಲ.

ವಿದ್ಯುತ್ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುಮ್ಮನಿದ್ದಾಗ 80 ವ್ಯಾಟ್ ಎಳೆಯುವ ಯಂತ್ರ ಹಗಲೂ ರಾತ್ರಿ ಚಾಲೂ ಇದ್ದರೆ ದಿನಕ್ಕೆ 1.92 ಕಿಲೋವ್ಯಾಟ್-ಗಂಟೆ, ಮೂವತ್ತು ದಿನಕ್ಕೆ 57.6. ಪ್ಲಗ್‌ಗೆ ಸಿಕ್ಕಿಸುವ ಮೀಟರ್‌ನಿಂದ ನಿಮ್ಮ ಯಂತ್ರದ ನಿಜವಾದ ಅಂಕಿ ಅಳೆದುಕೊಳ್ಳಿ. ಬೇಕಾದಾಗ ಮಾತ್ರ ಎಬ್ಬಿಸುವುದು ಜಾಣತನ, ಅದಕ್ಕೆ ನೆಟ್‌ವರ್ಕ್ ಮೂಲಕ ಎಬ್ಬಿಸುವ ವೇಕ್-ಆನ್-ಲ್ಯಾನ್ ಇದೆ. ಎತ್‌ಟೂಲ್ ಕಮಾಂಡ್‌ನಿಂದ ನೆಟ್‌ವರ್ಕ್ ಪೋರ್ಟ್‌ನ ವೇಕ್-ಆನ್ ಸಾಲಿಗೆ ಜಿ ಅಕ್ಷರ ಕೊಡಿ, ಪೋರ್ಟ್‌ನ ಮ್ಯಾಕ್ ವಿಳಾಸ ಬರೆದಿಟ್ಟುಕೊಳ್ಳಿ, ಯಂತ್ರ ಆರಿಸಿ, ಲ್ಯಾಪ್‌ಟಾಪ್‌ನಿಂದ ವೇಕ್‌ಆನ್‌ಲ್ಯಾನ್ ಕಮಾಂಡ್ ಜೊತೆ ಆ ವಿಳಾಸ ಕೊಟ್ಟು ನೋಡಿ. ಏಳದಿದ್ದರೆ ಆರಿಸಿದ ಸ್ಥಿತಿಯಲ್ಲಿ ನೆಟ್‌ವರ್ಕ್ ಪೋರ್ಟ್‌ನ ದೀಪ ಉರಿಯುತ್ತಿದೆಯೇ ಎಂದು ಯಂತ್ರದ ಹಿಂದೆ ನೋಡಿ. ದೀಪವೂ ಆರಿದ್ದರೆ ಬಯೋಸ್ ಆ ಪೋರ್ಟ್‌ನ ವಿದ್ಯುತ್ತನ್ನೇ ಕಡಿದಿದೆ ಎಂದರ್ಥ: ಡೆಲ್‌ನಲ್ಲಿ ಡೀಪ್ ಸ್ಲೀಪ್ ಕಂಟ್ರೋಲ್, ಎಚ್‌ಪಿಯಲ್ಲಿ ಎಸ್5 ಮ್ಯಾಕ್ಸಿಮಂ ಪವರ್ ಸೇವಿಂಗ್ಸ್ ಎಂಬ ಹೊಂದಿಕೆಯನ್ನು ಮುಚ್ಚಿ. ದೀಪ ಉರಿಯುತ್ತಿದ್ದೂ ಏಳದಿದ್ದರೆ ಜಿ ಅಕ್ಷರ ಮರುಚಾಲನೆಯಲ್ಲಿ ಅಳಿಸಿಹೋಗಿರುವ ಸಾಧ್ಯತೆ ಹೆಚ್ಚು. ಅದನ್ನು ನೆಟ್‌ವರ್ಕ್‌ಮ್ಯಾನೇಜರ್‌ನ ಹೊಂದಿಕೆಯಲ್ಲಿ ಕಾಯಂ ಮಾಡಿ.